ಮಾಡ ಬೆಳ್ಳಗ, ಮುಗಿಲು ಕರ್ರಗ

"ಮಳಿ ಇಲ್ಲದ ಕಡೆ ಕರ್ರಗ ಮಾಡಿ, ಮಾಡ ಇದ್ದ ಕಡೆ ಬೆಳ್ಳಗ ಮಾಡಿ. ಎಲ್ಲಾ ಉಲ್ಟಾ ಆಗ್ಯಾದಲ್ಲೋ ತಮ್ಮಾ."

ಮೊನ್ನೆ ಕಲಬುರಗಿ ಹತ್ತಿರದ ಫರಹತಾಬಾದ್ ದಾಟಿದ ಮೇಲೆ ಜೇವರ್ಗಿ ರಸ್ತೆಯ ಬದಿಯಲ್ಲಿ ಒಬ್ಬ ಮುತ್ಯಾ, ಅಂದರೆ ಅಜ್ಜ, ನನ್ನ ಕ್ಯಾಮೆರಾ ಪರದೆ ನೋಡಿ ಹೇಳಿದ ಮಾತಿದು. ಮಾಡ ಅಂದರೆ ನಮ್ಮ ಕಡೆ ಮೋಡ. ಅವತ್ತಿನಿಂದ ತಲೆಯೊಳಗೆ ಇದೇ ಓಡುತ್ತಿದೆ.

ಬಿತ್ತನೆ ಮುಗಿದು ಮಳೆ ಕೈಕೊಟ್ಟ ಹೊತ್ತು. ಆದರೆ ಮುಗಿಲು ಮಾತ್ರ ಏನು ಚಂದ ಅಂತೀರಿ! ಹಿಂದಿನ ವಾರದ ಮಳೆಗೆ ಧೂಳೆಲ್ಲ ತೊಳೆದುಹೋಗಿ ನೀಲಿ ಗಾಢವಾಗಿತ್ತು, ಅದರ ಮೇಲೆ ದೊಡ್ಡ ದೊಡ್ಡ ಬಿಳಿ ಮೋಡ, ಕೆಳಗೆ ನೆಟ್ಟಗೆ ಹೋಗುವ ರಸ್ತೆ, ಎರಡೂ ಕಡೆ ಎರೆಹೊಲ. ಗುಡ್ಡ ಇಲ್ಲ, ಮರವೂ ಅಪರೂಪ. ನಮ್ಮ ಕಡೆ ರಸ್ತೆಯ ಫೋಟೋ ತೆಗೆದರೆ ಮುಕ್ಕಾಲು ಭಾಗ ಆಕಾಶವೇ ಬರುತ್ತದೆ, ಅಲ್ವಾ? ನಾನು ಕ್ಯಾಮೆರಾದಲ್ಲಿ ಮಾನೋಕ್ರೋಮ್, ಅಂದರೆ ಕಪ್ಪು ಬಿಳುಪು, ಹಾಕಿ, ಅದರಲ್ಲೇ ಕೆಂಪು ಫಿಲ್ಟರ್ ಆರಿಸಿ ತೆಗೆಯುತ್ತಿದ್ದೆ. ಮೋಡದ ಬಿಳಿ ಸುಟ್ಟುಹೋಗದಿರಲಿ ಅಂತ ಬೆಳಕು ಒಂದು ಸ್ಟಾಪ್, ಅಂದರೆ ಅರ್ಧಕ್ಕರ್ಧ, ಕಡಿಮೆ ಇಟ್ಟಿದ್ದೆ.

ಮುತ್ಯಾ ಹೊಲದ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಎರಡೆಲೆ ಬಿಟ್ಟ ತೊಗರಿ ಸಾಲಿನ ಪಕ್ಕ ಬೆರಳಿನಿಂದ ಮಣ್ಣು ಕೆದರಿ, ಒಳಗಿನ ಮಣ್ಣು ಮುಷ್ಟಿಯಲ್ಲಿ ಹಿಡಿದು ಒತ್ತಿದರು. ಉಂಡೆ ಕಟ್ಟಲಿಲ್ಲ, ಪುಡಿಯಾಗಿ ಉದುರಿತು. ಕೈ ಝಾಡಿಸಿ ಎದ್ದು ಬಂದರು. "ಏನ್ ತೆಗೀಲತ್ತಿ?" ಅಂದರು. "ಮುಗಿಲು, ಮುತ್ಯಾ" ಅಂದೆ. ನಗಲಿಲ್ಲ. ಇದೇ ಕೆಲಸಕ್ಕೆ ನಿಂತ ನನ್ನನ್ನು ನೋಡಿ ಕಾರಿನವರು ಹಾರ್ನ್ ಹೊಡೆದು ನಕ್ಕು ಹೋಗುತ್ತಾರೆ, ಮುತ್ಯಾ ಮಾತ್ರ ಪರದೆಗೆ ಕೈ ಅಡ್ಡ ಹಿಡಿದು ನಿಧಾನವಾಗಿ ನೋಡಿದರು. ಆಮೇಲೆ ಮೇಲೆ ನೋಡಿದರು. ಮತ್ತೆ ಪರದೆ. ಆಮೇಲೆ ಬಂದದ್ದೇ ಆ ಮಾತು.

ನೂರಕ್ಕೆ ನೂರು ಖರೆ. ಕೆಂಪು ಫಿಲ್ಟರ್ ನೀಲಿ ಬೆಳಕನ್ನು ತಡೆಯುತ್ತದೆ, ಹಾಗಾಗಿ ಬರೀ ನೀಲಿ ಇರುವ ಕಡೆ, ಅಂದರೆ ಮಳೆಯ ಸುಳಿವೇ ಇಲ್ಲದ ಕಡೆ, ಚಿತ್ರದಲ್ಲಿ ಕಗ್ಗತ್ತಲು. ಬಿಳಿ ಮೋಡದಲ್ಲಿ ಎಲ್ಲ ಬಣ್ಣದ ಬೆಳಕೂ ಇರುವುದರಿಂದ ಅದು ಹೊಳೆಯುತ್ತದೆ. ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1927ರಲ್ಲಿ ಅಮೆರಿಕದ ಹಾಫ್ ಡೋಮ್ ಬಂಡೆ ತೆಗೆದಾಗ ಆಕಾಶ ಕಪ್ಪಾದದ್ದು ಇದೇ ಕೆಂಪು ಫಿಲ್ಟರಿನಿಂದ. ಅದಕ್ಕೂ ಬಹಳ ಹಿಂದೆ, ಫೋಟೋಗ್ರಫಿಯ ಮೊದಮೊದಲ ಗಾಜಿನ ಪ್ಲೇಟುಗಳಲ್ಲಿ ಇದರ ತದ್ವಿರುದ್ಧ: ಪ್ಲೇಟಿಗೆ ನೀಲಿ ಬೆಳಕೇ ಜಾಸ್ತಿ ತಾಗುತ್ತಿತ್ತು, ಆಕಾಶ ಪೂರ್ತಿ ಬಿಳುಚಿ ಮೋಡವೇ ಮಾಯ. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಕೂಡಿಸಿ ಪ್ರಿಂಟ್ ಹಾಕುತ್ತಿದ್ದರು. ಕಪ್ಪು ಬಿಳುಪಿನಲ್ಲಿ ಮುಗಿಲು ಇದ್ದ ಹಾಗೇ ಬಂದದ್ದು ಕಡಿಮೆ.

ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೆ "ಮಳಿ ಇಲ್ಲದ ಕಡೆ ಕರ್ರಗ" ಅಂತ ಯಾರೂ ಹೇಳಿರಲಿಲ್ಲ. ಫೋಟೋ ನೋಡುವ ಗೆಳೆಯರೆಲ್ಲ "ಏನ್ ಡ್ರಾಮಾ ಗುರು" ಅನ್ನುವವರೇ. ಮುತ್ಯಾ ಅದರಲ್ಲಿ ಮಳೆ ಹುಡುಕಿದರು. ಉಣ್ಣುವ ಅನ್ನ ಆ ಮೋಡದಲ್ಲಿ ಇರುವವರು ಆಕಾಶವನ್ನು ಬೇರೆ ಹೇಗೆ ನೋಡಿಯಾರು? ನಾನು ಇಷ್ಟು ವರ್ಷ ಭೇಟಿಯಾದ ಫೋಟೋ ತೀರ್ಪುಗಾರರಲ್ಲಿ ಯಾರೂ ಒಂದು ಚಿತ್ರವನ್ನು ಅಷ್ಟು ಹೊತ್ತು ನೋಡಿದ್ದಿಲ್ಲ.

ಕಾಯುವುದಾದರೆ ಮಳೆ ಮೋಡಕ್ಕೇ ಕಾಯಬೇಕು ಅಂತ ಈಗ ಅನ್ನಿಸುತ್ತಿದೆ. ಅದರ ಹೊಟ್ಟೆ ತಾನಾಗೇ ಕಪ್ಪು, ದಪ್ಪ ಮೋಡ ಬಿಸಿಲನ್ನು ಕೆಳಗೆ ಬಿಡುವುದಿಲ್ಲ. ಅಲ್ಲಿ ಕೆಂಪು ಫಿಲ್ಟರ್ ಬೇಕಾಗಿಲ್ಲ, ಹಳದಿ ಸಾಕು, ಅಥವಾ ಯಾವುದೂ ಬೇಡ. ದೂರದಲ್ಲಿ ಮಳೆ ಸುರಿಯುವಾಗ ಬೂದು ಪರದೆ ಇಳಿಬಿಟ್ಟಂತೆ ಕಾಣುತ್ತದಲ್ಲ, ಕಟ್ಟಿಸಂಗಾವಿ ಸೇತುವೆ ಮೇಲೆ ನಿಂತರೆ ಭೀಮಾ ನದಿಯ ಆಚೆ ಅದು ಪೂರ್ತಿ ಕಾಣುತ್ತದೆ. ಅಂಥದ್ದು ತೆಗೆದರೆ ಹೊಲದವರೂ ನೋಡಿ "ಇದು ಮಳಿ" ಅನ್ನಬೇಕು.

ಮುತ್ಯಾನ ಮಾತು ಹೇಳಿದರೆ ಒಬ್ಬ ಗೆಳೆಯ, "ಅಷ್ಟಕ್ಕೆ ಯಾಕೆ ಒದ್ದಾಡ್ತಿ, ಆ್ಯಪಿನಲ್ಲಿ ಬೇರೆ ಆಕಾಶ ಕೂಡಿಸು" ಅಂದ. ಒಳ್ಳೆಯ ಹುಡುಗ, ಆದರೆ ಈ ವಿಷಯದಲ್ಲಿ ಅವನ ಮಾತು ನನಗೆ ಸಿಟ್ಟು ತರಿಸಿತು. ಫಿಲ್ಟರ್ ಹಾಕಿದರೂ ಅದು ಅವತ್ತು ನಮ್ಮ ಹೊಲದ ಮೇಲೆ ನಿಂತಿದ್ದ ಮೋಡವೇ. ಎಲ್ಲಿಂದಲೋ ತಂದ ಮೋಡವನ್ನು ಜೇವರ್ಗಿ ರಸ್ತೆ ಮೇಲೆ ಅಂಟಿಸಿದರೆ, ಮಳೆಗೆ ಕಾದು ಕೂತವರ ಎದುರು ಅದನ್ನು ಯಾವ ಮುಖ ಇಟ್ಟುಕೊಂಡು ಹಿಡಿಯಲಿ?

ಕೆಂಪು ಫಿಲ್ಟರನ್ನೇನೂ ಬಿಡುವುದಿಲ್ಲ. ಹುಮನಾಬಾದ್‌ನಿಂದ ಬೀದರ್ ಕಡೆ ಹೋದರೆ ಎರೆ ಮುಗಿದು ಕೆಂಪು ಮಣ್ಣು ಶುರು. ಈ ಫಿಲ್ಟರಿನಲ್ಲಿ ಆ ಮಣ್ಣು ಬೆಳ್ಳಗಾಗುತ್ತದೆ, ಹಸಿರು ಪೈರು ಕಪ್ಪಾಗುತ್ತದೆ. ಬರುವ ಭಾನುವಾರ ಅಲ್ಲಿಗೆ ಹೋಗಬೇಕು. ಮಳೆ ಬಂದರೆ ಮಾತ್ರ ಮೊದಲು ಭೀಮಾ ಸೇತುವೆಗೆ.