ಒಬ್ಬ ನೈಟ್, ನಾಲ್ವರು ಒಡೆಯರು: ಬೋರ್ಡ್ ಗೇಮ್ ಕೊನೆಗೂ ಓಡಿತು

ನಾನು ತಯಾರಿಸುತ್ತಿರುವ ಬೋರ್ಡ್ ಗೇಮ್‌ನಲ್ಲಿ ಕೊನೆಗೂ ಒಂದು ಆಟ ಜಗಳವಿಲ್ಲದೆ ಮುಗಿಯಿತು. ನಕ್ಷೆ ಬಿಡಿಸೋದು, ಕಾರ್ಡ್ ಕಟಿಂಗ್, ಕಾರ್ಡಿಗೆ ಸ್ಲೀವ್ (ಕವರ್) ಹಾಕೋದು ಎಲ್ಲ ಇದ್ದದ್ದೇ, ಬಿಡಿ. ಇಷ್ಟು ದಿನ ತಲೆ ತಿಂದದ್ದು ಒಂದೇ ನಿಯಮ: ಸಾಮಂತ ಯಾರ ಕಡೆ?

ಟೇಬಲ್ಲಿನ ಈ ಕಡೆ 13ನೇ ಶತಮಾನದ ಫ್ರಾನ್ಸ್, ಆ ಕಡೆ ಅದೇ ಕಾಲದ ಜಪಾನ್, ಕಾಮಾಕುರಾ ಊರಿನಿಂದ ಶೋಗನ್ (ಸೇನಾ ಆಡಳಿತಗಾರ) ಆಳುತ್ತಿದ್ದ ಕಾಲ. ಒಡೆಯ ಜಮೀನು ಕೊಡುತ್ತಾನೆ, ಸಾಮಂತ ಯುದ್ಧಕ್ಕೆ ಬರುತ್ತಾನೆ. ಓದೋಕೆ ಚೆಂದ. ಆದರೆ ಫ್ರಾನ್ಸಿನಲ್ಲಿ ಒಬ್ಬನೇ ನೈಟ್ (ಕುದುರೆ ಸವಾರ ಯೋಧ) ಹಲವು ಒಡೆಯರಿಂದ ಜಮೀನು ಪಡೆಯಬಹುದಿತ್ತು. ಆ ಒಡೆಯರೇ ಹೊಡೆದಾಡಿದರೆ? ಪ್ರತಿ ಆಟವೂ ಅಲ್ಲೇ ನಿಲ್ಲುತ್ತಿತ್ತು.

ದಾರಿ ತೋರಿಸಿದ ಪುಣ್ಯಾತ್ಮ ಟೂಲ್ ಎಂಬ ಊರಿನ ಜಾನ್, ಆ ಕಾಲದ ಒಬ್ಬ ಸಾಮಂತ. ನಾಲ್ವರು ಒಡೆಯರಿದ್ದ ಆಸಾಮಿ. ಅವರಲ್ಲಿ ಗ್ರಾಂಪ್ರೆಯ ಕೌಂಟ್ (ಪ್ರಾಂತ್ಯದ ದೊರೆ) ತನ್ನ ಸ್ವಂತ ಜಗಳಕ್ಕೆ ಇನ್ನೊಬ್ಬ ಒಡೆಯ, ಶಾಂಪೇನ್ ಪ್ರಾಂತ್ಯದ ಕೌಂಟ್ ಮೇಲೆ ಯುದ್ಧಕ್ಕೆ ಹೋದರೆ, ತಾನು ಖುದ್ದಾಗಿ ಗ್ರಾಂಪ್ರೆ ಕಡೆ ನಿಲ್ಲುತ್ತೇನೆ, ಶಾಂಪೇನ್ ಕೊಟ್ಟ ಜಮೀನಿಗೆ ಸಲ್ಲಬೇಕಾದ ನೈಟ್‌ಗಳನ್ನು ಶಾಂಪೇನಿಗೇ ಕಳಿಸುತ್ತೇನೆ ಎಂದು ಬರೆದುಕೊಟ್ಟಿದ್ದ! ತಾನು ಒಂದು ಕಡೆ, ತನ್ನ ಜನ ಎದುರು ಕಡೆ. ಹಾಗಾಗಿ ಈಗ ಸಾಮಂತನ ಟೋಕನ್ ಬೇರೆ, ಅವನ ಸೈನಿಕರನ್ನು ಸೂಚಿಸುವ ಪುಟ್ಟ ಕ್ಯೂಬ್ ಬೇರೆ. ಸಮಸ್ಯೆ ಖಲಾಸ್.

ಜಪಾನಿಗೆ ಇದು ಹೊಂದಲಿಲ್ಲ. ಅಲ್ಲಿ ಗೊಕೆನಿನ್‌ಗೆ (ಶೋಗನ್‌ನ ಸಾಮಂತ ಯೋಧನಿಗೆ) ಒಡೆಯ ಒಬ್ಬನೇ, ಕಾಮಾಕುರಾದ ಶೋಗನ್. ಪಾಲಾಗಿದ್ದು ಜಮೀನು. ಒಂದೇ ಎಸ್ಟೇಟಿನ ಅಕ್ಕಿಯಲ್ಲಿ ಕ್ಯೋಟೋದ ಶ್ರೀಮಂತ ಮನೆತನಕ್ಕೊಂದು ಪಾಲು, ದೇವಾಲಯಕ್ಕೊಂದು, ಶೋಗನ್ ನೇಮಿಸಿದ ಜಿತೋಗೊಂದು (ಜಿತೋ ಅಂದರೆ ಎಸ್ಟೇಟಿನ ಮೇಲ್ವಿಚಾರಕ). ಫ್ರಾನ್ಸಿನಲ್ಲೂ ಜಮೀನಿನ ಮೇಲೆ ಹಕ್ಕಿನ ಪದರಗಳಿದ್ದವು, ಗೊತ್ತು, ಕಾಮೆಂಟಲ್ಲಿ ಬೈಯಬೇಡಿ. ಆಟಕ್ಕೆ ಬೇಕಾದ ವ್ಯತ್ಯಾಸ ಇದು: ಫ್ರಾನ್ಸಿನಲ್ಲಿ ಕ್ಯೂಬ್ ಮನುಷ್ಯನ ಕಾರ್ಡಿನ ಮೇಲೆ, ಜಪಾನಿನಲ್ಲಿ ಜಮೀನಿನ ಕಾರ್ಡಿನ ಮೇಲೆ.

ಕ್ಯೂಬ್ ಅಂದಾಗ ನೆನಪಾಯ್ತು. ಕೆಂಪು, ಕಪ್ಪು ಆರ್ಡರ್ ಮಾಡಿದರೆ ಬಂದದ್ದು ಕೆಂಪು, ಮರೂನ್. ಕೇಳಿದರೆ 'ಬ್ಯಾಚ್ ಡಿಫರೆನ್ಸ್ ಸರ್' ಅಂತೆ. ರಾತ್ರಿ ಲೈಟಲ್ಲಿ ಜಿತೋ ಯಾರು, ದೇವಾಲಯ ಯಾರು ಅಂತ ಟಾರ್ಚ್ ಹಾಕಿ ನೋಡಬೇಕು. ಪರ್ಮನೆಂಟ್ ಮಾರ್ಕರ್ ಹಿಡಿದು ಕೂತಿದ್ದೇನೆ.

ಹೊಸ ನಿಯಮದಿಂದ ಮಂಗೋಲ್ ಕಾರ್ಡುಗಳೂ ಸರಿಹೋದವು. 1274 ಮತ್ತು 1281ರ ಮಂಗೋಲರ ದಾಳಿಗಳನ್ನು ಜಪಾನ್ ತಡೆಯಿತು. ಆದರೆ ಅದು ರಕ್ಷಣೆಯ ಯುದ್ಧ, ಹೊಸ ಜಮೀನು ಕೈಗೆ ಬರಲಿಲ್ಲ. ಹೋರಾಡಿದವರಿಗೆ ಏನು ಕೊಡೋದು? ತಾಕೆಜಾಕಿ ಸುಯೆನಾಗ ಎಂಬ ಸಮುರಾಯ್ 1275ರಲ್ಲಿ ಕ್ಯೂಶು ದ್ವೀಪದಿಂದ ಕಾಮಾಕುರಾಕ್ಕೆ ಹೋಗಿ ತನ್ನ ಇನಾಮು ಕೇಳಿ ಪಡೆದ. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಈಗ ಗೆದ್ದ ಜಪಾನ್ ಆಟಗಾರನ ಕೈಯಲ್ಲಿ ಹಂಚಲು ಜಮೀನೇ ಇರಲ್ಲ, ಅಸಮಾಧಾನದ ಟ್ರ್ಯಾಕ್ ಮಾತ್ರ ಏರುತ್ತದೆ. ಪ್ಲೇಟೆಸ್ಟಲ್ಲಿ (ಪರೀಕ್ಷೆಗೆ ಆಡಿದಾಗ) ಗೆದ್ದವನೇ ಗೊಣಗಿದ್ದು ನೋಡಿ ಖುಷಿಯಾಯ್ತು.

ಇದರ ರೂಲ್‌ಬುಕ್ ಮುಗಿಯುವ ಮೊದಲೇ ಮುಂದಿನ ಆಟ ತಲೆಯಲ್ಲಿ ಓಡುತ್ತಿದೆ. 1635ರಿಂದ ಜಪಾನಿನ ಡೈಮ್ಯೋಗಳು (ಪ್ರಾಂತ್ಯದ ಒಡೆಯರು) ಸರದಿಯಂತೆ ಎಡೋಗೆ (ಇಂದಿನ ಟೋಕಿಯೋ) ಬಂದು ಇರಬೇಕಿತ್ತು. ಹೆಂಡತಿ ಮಕ್ಕಳು ಅಲ್ಲೇ ಒತ್ತೆ. ಯುದ್ಧವೇ ಇಲ್ಲ, ಬರೀ ಮೆರವಣಿಗೆ, ಛತ್ರದ ಬಿಲ್ಲು, ಸಾಲ. ದಿವಾಳಿಯಾಗದೆ ಎಡೋ ಮುಟ್ಟಿದವನು ಗೆದ್ದ. ಇದಕ್ಕೆ ಎರಡೇ ಬಣ್ಣದ ಕ್ಯೂಬ್ ಸಾಕು, ಬೇರೆ ಅಂಗಡಿಯಿಂದ.