ಫೈನಲ್, ನ್ಯೂ ಫೈನಲ್, ಲೇಟೆಸ್ಟ್ ಫೈನಲ್

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆ. ಹೈಡ್ರಾಲಿಕ್ ಸಿಲಿಂಡರ್ ಮಾಡುತ್ತೇವೆ. ಪ್ರೆಸ್ಸು, ಟಿಪ್ಪರ್ರು, ಸಕ್ಕರೆ ಕಾರ್ಖಾನೆ, ಎಲ್ಲಿ ಏನನ್ನಾದರೂ ಒತ್ತಬೇಕೋ ಎತ್ತಬೇಕೋ ಅಲ್ಲಿಗೆ ನಮ್ಮ ಮಾಲು ಹೋಗುತ್ತದೆ. ಡಿಸೈನ್ ವಿಭಾಗ ಅಂದರೆ ನಾವು ನಾಲ್ಕು ಜನ, ಒಂದು ಪ್ಲಾಟರ್, ಎಲ್ಲರಿಗೂ ಸೇರಿದ ಒಂದು ಡ್ರೈವ್. ಆ ಡ್ರೈವಲ್ಲಿ ಒಂದೇ ಗ್ಲ್ಯಾಂಡಿಗೆ (ರಾಡ್ ಹೊರಬರುವ ಕಡೆ ಎಣ್ಣೆ ಸೋರದಂತೆ ಸೀಲ್ ಹಿಡಿಯುವ ಮುಚ್ಚಳ) ‘ಫೈನಲ್’, ‘ನ್ಯೂ ಫೈನಲ್’, ‘ಲೇಟೆಸ್ಟ್ ಫೈನಲ್’, ‘ಇದನ್ನೇ ಬಳಸಿ’ ಅಂತೆಲ್ಲ ಫೈಲುಗಳಿದ್ದವು. ‘ಇದನ್ನೇ ಬಳಸಿ’ಯನ್ನು ಯಾರೂ ಬಳಸುತ್ತಿರಲಿಲ್ಲ.

ಹೀಗೇ ನಡೆಯುತ್ತಿತ್ತು. ಒಂದು ಸಲ ಒಂದು ಲಾಟ್ ಪೂರ್ತಿ ವಾಪಸ್ ಬಂತು. ಹೋಸ್ ಜೋಡಿಸುವ ಪೋರ್ಟಿನ ಥ್ರೆಡ್ 1/2 ಬಿಎಸ್‌ಪಿ (ಪೈಪ್ ಥ್ರೆಡ್ಡಿನ ಒಂದು ಅಳತೆ) ಇರಬೇಕಿತ್ತು, ಕೆಳಗೆ ಯಂತ್ರಗಳಿರುವ ಶಾಪಿಗೆ ಹೋದ ಪ್ರಿಂಟಿನಲ್ಲಿ 3/8 ಇತ್ತು. ಕಸ್ಟಮರ್ ಬದಲಾವಣೆ ಕಳಿಸಿದ್ದು ನಿಜ, ನಾವು ತಿದ್ದಿದ್ದೂ ನಿಜ. ಆದರೆ ಲೇತಿನ ಹತ್ತಿರ ಗೋಡೆಗೆ ಅಂಟಿಸಿದ್ದು ಹಳೇ ಹಾಳೆ. ಓನರ್ ಯಾರಿಗೂ ಬೈಯಲಿಲ್ಲ. “ಆ ಪಿಡಿಎಂ ಅಂತಾರಲ್ಲ, ಅದನ್ನ ಹಾಕ್ಸಿ” ಅಂದರು, ಅಷ್ಟೇ. ಪಿಡಿಎಂ ಅಂದರೆ ಯಾವ ಡ್ರಾಯಿಂಗ್ ಈಗಿನದು, ಯಾರು ತಿದ್ದಿದರು ಅಂತ ಲೆಕ್ಕ ಇಡುವ ಸಾಫ್ಟ್‌ವೇರ್. ಆ ಕೆಲಸ ನನ್ನ ಪಾಲಿಗೆ ಬಂತು.

ಸಾಫ್ಟ್‌ವೇರ್ ಹಾಕಿಸೋದು ದೊಡ್ಡ ವಿಷಯವೇ ಅಲ್ಲ. ನಾವು ಮೊದಲಿಂದಲೂ ಡ್ರಾಯಿಂಗಿಗೆ ಸಾಲಿಡ್‌ವರ್ಕ್ಸ್ ಬಳಸುವವರು, ಹಾಗಾಗಿ ಅದರದ್ದೇ ಪಿಡಿಎಂ ಸ್ಟ್ಯಾಂಡರ್ಡ್ ತಗೊಂಡೆವು. ಅದರ ಹಿಂದೆ ಕೆಲಸ ಮಾಡುವುದು ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್. ನಾವು ಹಾಕಿದ ಆವೃತ್ತಿಯಲ್ಲಿ ಒಂದು ಡೇಟಾಬೇಸ್ 10 ಜಿಬಿ ದಾಟುವಂತಿಲ್ಲ ಅಂದ ತಕ್ಷಣ ಓನರ್‌ಗೆ ಗಾಬರಿ. “ನಮ್ಮ ಡ್ರೈವೇ ಅದಕ್ಕಿಂತ ಎಷ್ಟೋ ಜಾಸ್ತಿ ಇದೆಯಲ್ರೀ?” ಆದರೆ ಡ್ರಾಯಿಂಗ್ ಫೈಲುಗಳು ಡೇಟಾಬೇಸಿನೊಳಗೆ ಹೋಗುವುದಿಲ್ಲ. ಅಲ್ಲಿರುವುದು ಬರೀ ಲೆಕ್ಕ: ಹೆಸರು, ನಂಬರ್, ಯಾರು ಯಾವಾಗ ಬದಲಿಸಿದರು, ಯಾವ ಪಾರ್ಟು ಯಾವ ಅಸೆಂಬ್ಲಿಯಲ್ಲಿದೆ. ಫೈಲುಗಳು ಬೇರೆಯೇ ಆರ್ಕೈವ್ ಫೋಲ್ಡರಿನಲ್ಲಿ ಕೂತಿರುತ್ತವೆ. ಆ ಫೋಲ್ಡರನ್ನು ತೆರೆದು ನೋಡಿದರೆ ನಾವಿಟ್ಟ ಒಂದು ಹೆಸರೂ ಕಾಣಲ್ಲ. ಅರ್ಥವಾಗದ ಅಂಕಿ-ಅಕ್ಷರದ ಫೋಲ್ಡರುಗಳು, ಒಳಗೆ 00000001, 00000002 ಅಂತ ಒಂದೊಂದು ವರ್ಷನ್. ಡೇಟಾಬೇಸ್ ಹೋದರೆ ಯಾವುದು ಗ್ಲ್ಯಾಂಡು, ಯಾವುದು ಪಿಸ್ಟನ್ನು ಅಂತ ಗೊತ್ತಾಗೋದೇ ಇಲ್ಲ. ಅದಕ್ಕೇ ಬ್ಯಾಕಪ್ ತೆಗೆದರೆ ಎರಡನ್ನೂ ಒಟ್ಟಿಗೇ ತೆಗೆಯಬೇಕು. ಕರೆಂಟು ಬಂದು ಹೋಗುವ ನಮ್ಮ ರಸ್ತೆಯಲ್ಲಿ ಸರ್ವರಿಗೆ ಯುಪಿಎಸ್ ಹಾಕಿಸಿದ್ದು ಇನ್ನೊಂದು ಖರ್ಚು.

ಜಗಳ ಶುರುವಾಗಿದ್ದು ನಂಬರಿನ ವಿಷಯಕ್ಕೆ. ನಮ್ಮಲ್ಲಿ ಮೊದಲಿಂದಲೂ ಅರ್ಥವಿರುವ ನಂಬರುಗಳು. ‘ಎಚ್‌ಸಿ-63-36-400’ ಅಂದರೆ ಬೋರ್ (ಸಿಲಿಂಡರಿನ ಒಳವ್ಯಾಸ) 63, ರಾಡ್ (ಅದರ ದಪ್ಪ) 36, ಸ್ಟ್ರೋಕ್ (ರಾಡ್ ಓಡುವ ದೂರ) 400, ಎಲ್ಲ ಮಿ.ಮೀ.ನಲ್ಲಿ. ನಮ್ಮ ಫೋರ್ಮನ್ ಅಣ್ಣನಿಗೆ ಇದು ಬಾಯಿಪಾಠ. ನಂಬರ್ ಕೇಳಿದರೆ ಸಾಕು, ಯಾವ ಪೈಪ್ ಕಟ್ ಮಾಡಬೇಕು ಅಂತ ಹೇಳುತ್ತಾರೆ. ನಾನು ಆರಂಕಿಯ ಸುಮ್ಮನೆ ಸರದಿ ನಂಬರ್ ಇಡೋಣ ಅಂದೆ. “ಏನಪ್ಪಾ, 100482 ಅಂದ್ರೆ ನಂಗೇನ್ ಗೊತ್ತಾಗುತ್ತೆ?” ಅಂತ ಅವರು. ಅವರ ಮಾತಲ್ಲಿ ತಪ್ಪಿಲ್ಲ. ಆದರೆ ಅದೇ ಬೋರ್, ಅದೇ ರಾಡ್, ಅದೇ ಸ್ಟ್ರೋಕ್ ಇದ್ದು, ಯಂತ್ರಕ್ಕೆ ಕೂರಿಸುವ ರೀತಿ ಮಾತ್ರ ಬೇರೆ, ಒಂದಕ್ಕೆ ಕ್ಲೆವಿಸ್ ಮೌಂಟಿಂಗ್, ಇನ್ನೊಂದಕ್ಕೆ ಫ್ಲ್ಯಾಂಜ್ ಇದ್ದರೆ? ಆಗ ಬಾಲಕ್ಕೆ ಒಂದು ‘ಎ’. ಆಮೇಲೆ ‘ಎ-1’. ಆಮೇಲೆ ‘ಎ-1 ನ್ಯೂ’. ಈ ಬಾಲ ಬೆಳೆದೂ ಬೆಳೆದೂ ಕೊನೆಗೆ ‘ಇದನ್ನೇ ಬಳಸಿ’ವರೆಗೆ ಬಂದು ನಿಂತಿತ್ತು. ಕಡೆಗೆ ಒಪ್ಪಂದ ಹೀಗಾಯಿತು: ನಂಬರ್ ಬರೀ ನಂಬರ್. ಬೋರ್, ರಾಡ್, ಸ್ಟ್ರೋಕ್, ಮೌಂಟಿಂಗ್ ಎಲ್ಲ ಫೈಲಿನ ಜೊತೆಗಿರುವ ಡೇಟಾ ಕಾರ್ಡ್ ಅನ್ನುವ ಫಾರ್ಮಿನಲ್ಲಿ ತುಂಬಬೇಕು. ಅಣ್ಣ 63, 36 ಅಂತ ಟೈಪ್ ಮಾಡಿದರೆ ಆ ಅಳತೆಯ ಸಿಲಿಂಡರುಗಳೆಲ್ಲ ಸಾಲಾಗಿ ಬರಬೇಕು. ಅವರು ಒಂದು ಬೆರಳಲ್ಲೇ ಟೈಪ್ ಮಾಡಿ ನೋಡಿ, “ಹ್ಞೂಂ, ಆಗ್ಬಹುದು” ಅಂದರು.

ರಿವಿಷನ್ನಿಗೆ ಅಕ್ಷರಗಳು ಎ, ಬಿ, ಸಿ. ಐ ಮತ್ತು ಓ ಬಿಟ್ಟೆವು, ಪ್ರಿಂಟಿನಲ್ಲಿ ಒಂದು ಮತ್ತು ಸೊನ್ನೆಯ ಹಾಗೇ ಕಾಣುತ್ತವೆ. ಯಾವಾಗ ರಿವಿಷನ್, ಯಾವಾಗ ಹೊಸ ನಂಬರ್ ಅನ್ನುವುದಕ್ಕೂ ಒಂದು ನಿಯಮ ಬೇಕಿತ್ತು. ಹಳೇ ಪಾರ್ಟಿನ ಜಾಗದಲ್ಲಿ ಹೊಸದು, ಹೊಸದರ ಜಾಗದಲ್ಲಿ ಹಳೇದು ಕೂತು ಅದೇ ಕೆಲಸ ಮಾಡಿದರೆ ರಿವಿಷನ್. ಇಲ್ಲದಿದ್ದರೆ ಹೊಸ ನಂಬರ್. ಹೇಳುವಾಗ ಎಷ್ಟು ಸುಲಭ ಅಲ್ವಾ? ಪೋರ್ಟ್ 3/8ರಿಂದ 1/2 ಆಗಿದ್ದು ರಿವಿಷನ್ನೋ ಹೊಸ ನಂಬರೋ ಅಂತ ಒಂದು ಮಧ್ಯಾಹ್ನವಿಡೀ ಚರ್ಚೆ ನಡೆಯಿತು. ಹೊಸ ನಂಬರೇ. ಕಸ್ಟಮರ್‌ನ ಹೋಸ್ ಕೂರಲ್ಲವಲ್ಲ!

ಹಳೇ ಫೈಲುಗಳನ್ನು ಒಳಗೆ ಹಾಕಲು ಹೋದಾಗ ಇನ್ನೊಂದು ತಮಾಷೆ. ಒಂದೇ ಹೆಸರಿನ ಎರಡು ಫೈಲ್ ಬೇಡ ಅಂತ ಆಯ್ಕೆ ಹಾಕಿದ್ದೆವು. ಮೊದಲ ಫೋಲ್ಡರಿನಲ್ಲೇ ಅದು ನಿಂತುಬಿಟ್ಟಿತು. ನಮ್ಮಲ್ಲಿ ‘ಪಾರ್ಟ್1’ ಅನ್ನುವ ಹೆಸರಿನವು ಎಲ್ಲಾ ಕಡೆ ಇದ್ದವು, ಒಂದು ಕಡೆ ಬುಶ್ಶು, ಇನ್ನೊಂದು ಕಡೆ ವಾಷರ್ರು, ಮತ್ತೊಂದು ಕಡೆ ಕಸ್ಟಮರ್ ಕಳಿಸಿದ ಪೂರ್ತಿ ಯಂತ್ರ. ಒಂದು ಪವರ್‌ಪ್ಯಾಕ್ (ಸಿಲಿಂಡರಿಗೆ ಎಣ್ಣೆ ಒತ್ತುವ ಪಂಪು-ಟ್ಯಾಂಕು) ಅಸೆಂಬ್ಲಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಎಂ6 ಆಲನ್ ಬೋಲ್ಟುಗಳೆಲ್ಲ ಟ್ಯಾಂಕಿಗಿಂತ ದೊಡ್ಡದಾಗಿ ಎದ್ದು ನಿಂತಿದ್ದವು. ಪ್ರತಿ ಕಂಪ್ಯೂಟರಿನಲ್ಲೂ ಬೋಲ್ಟುಗಳ ಲೈಬ್ರರಿ ಬೇರೆ ಬೇರೆ ಇತ್ತು, ಬೇಕಾದ ಅಳತೆ ಸಿಗದೆ ಸಿಕ್ಕಿದ್ದನ್ನು ಅದು ತೋರಿಸಿತ್ತು. ಲೈಬ್ರರಿಯನ್ನೂ ಒಂದೇ ಕಡೆ ತಂದು ಇಟ್ಟ ಮೇಲೆ ಬೋಲ್ಟು ಬೋಲ್ಟಿನಷ್ಟೇ ಆಯಿತು.

ಇಷ್ಟೆಲ್ಲ ಆದರೂ ದೊಡ್ಡ ತಲೆನೋವು ಕಂಪ್ಯೂಟರಿನಲ್ಲಿ ಇರಲೇ ಇಲ್ಲ. ಶಾಪ್ ಫ್ಲೋರಿನ ಹಾಳೆಗಳನ್ನು ಒಮ್ಮೆ ತಾಳೆ ನೋಡಿಬಿಡೋಣ ಅಂತ ಅಣ್ಣನ ಮೇಜಿನ ಖಾನೆ ತೆಗೆಸಿದೆ. ಎಣ್ಣೆ ಹತ್ತಿ ಕಂದು ತಿರುಗಿದ ಪ್ರಿಂಟುಗಳು. 36 ರಾಡಿನ ಗ್ಲ್ಯಾಂಡಿನ ಹಾಳೆಯಲ್ಲಿ ಸೀಲ್ ಗ್ರೂವಿನ (ಸೀಲ್ ಕೂರುವ ಕಚ್ಚಿನ) ಅಗಲ 4.2 ಅಂತ ಛಾಪಿಸಿದ್ದನ್ನು ಕೆಂಪು ಪೆನ್ನಲ್ಲಿ ಹೊಡೆದು 6.3 ಅಂತ ಬರೆದಿತ್ತು. ಪಕ್ಕದಲ್ಲಿ ಒಂದು ಚಿಕ್ಕ ಸಹಿ. ತಾರೀಖಿಲ್ಲ.

“ಇದೇನಣ್ಣ?”

“ಪ್ರೆಸ್ಸಿನ ಕಸ್ಟಮರ್ ಇದ್ರಲ್ಲ, ಲೀಕೇಜ್ ಅಂತ ಮೂರು ಹೊತ್ತೂ ಫೋನ್ ಮಾಡೋರು. ಸೀಲಿನವರು ಹೆವಿ ಸೀಲ್ ಹಾಕಿ ಅಂದ್ರು. ಹಾಕಿದ್ವಿ. ಆಮೇಲೆ ಫೋನೇ ಇಲ್ಲ.”

“ಡ್ರಾಯಿಂಗ್ ತಿದ್ದಿಸಲಿಲ್ಲವಾ?”

“ಅವತ್ತು ಡಿಸೈನಲ್ಲಿ ಯಾರೂ ಇರ್ಲಿಲ್ಲ. ಎಲ್ಲಾ ಊಟಕ್ಕೆ ಹೋಗಿದ್ರಿ.”

ಡ್ರೈವಿನಲ್ಲಿದ್ದ ‘ಫೈನಲ್’ಗಳಲ್ಲಿ ಒಂದರಲ್ಲೂ 6.3 ಇರಲಿಲ್ಲ. ನಾವು ಯಾವುದನ್ನು ಆರಿಸಿ ಒಳಗೆ ಹಾಕಿದ್ದರೂ ತಪ್ಪು ಡ್ರಾಯಿಂಗಿಗೆ ‘ಅಪ್ರೂವ್ಡ್’ ಮುದ್ರೆ ಒತ್ತಿದ ಹಾಗಾಗುತ್ತಿತ್ತು. ಅಲ್ಲಿಗೆ ಫೈಲುಗಳನ್ನು ಒಳಗೆ ಹಾಕುವ ಕೆಲಸ ನಿಲ್ಲಿಸಿದೆ. ಮೊದಲು ಖಾನೆಗಳು, ಗೋಡೆಗಳು, ಕ್ಯೂಸಿಯವರ (ಗುಣಮಟ್ಟ ನೋಡುವವರ) ಫೈಲುಗಳು. ಎಲ್ಲಿ ಪೆನ್ನಿನ ತಿದ್ದುಪಡಿ ಇದೆಯೋ ಅದನ್ನು ಫೋಟೋ ತೆಗೆದು, ಅಣ್ಣನನ್ನು ಪಕ್ಕ ಕೂರಿಸಿಕೊಂಡು ಕಾರಣ ಕೇಳಿ ಬರೆದುಕೊಂಡೆವು. ಕೆಲವು ತಿದ್ದುಪಡಿಗಳ ಕಾರಣ ಅವರಿಗೂ ನೆನಪಿರಲಿಲ್ಲ. ಅಂಥವಕ್ಕೆ ಸ್ಟೋರಿನಲ್ಲಿದ್ದ ಪಾರ್ಟನ್ನೇ ಅಳೆದು ನೋಡಿದೆವು. ಓನರ್‌ಗೆ ಈ ತಡ ಇಷ್ಟವಾಗಲಿಲ್ಲ, ದುಡ್ಡು ಕೊಟ್ಟಿದ್ದು ಸಾಫ್ಟ್‌ವೇರಿಗೆ, ನೀವು ಹಳೇ ಹಾಳೆ ಹೆಕ್ಕುತ್ತಾ ಕೂತಿದ್ದೀರಿ ಅಂದರು. ಆ ಕೆಂಪು 6.3 ತೋರಿಸಿದೆ. ಮತ್ತೆ ಮಾತಾಡಲಿಲ್ಲ.

ಶುರುವಾದ ಮೇಲೆ ಎಲ್ಲಾ ಸುಸೂತ್ರವಾಯಿತು ಅಂತೇನಿಲ್ಲ. ಫೈಲ್ ತಿದ್ದಬೇಕಾದರೆ ಚೆಕ್‌ಔಟ್ ಮಾಡಬೇಕು, ಮುಗಿದ ಮೇಲೆ ಚೆಕ್‌ಇನ್. ಲೈಬ್ರರಿಯಿಂದ ಪುಸ್ತಕ ತಂದ ಹಾಗೆ, ಒಬ್ಬರ ಕೈಲಿದ್ದಾಗ ಇನ್ನೊಬ್ಬರಿಗೆ ಸಿಗಲ್ಲ. ನಮ್ಮ ಹುಡುಗನೊಬ್ಬ ಯುಗಾದಿಗೆ ದಾವಣಗೆರೆಗೆ ಹೋಗುವ ಮುಂಚೆ ಒಂದು ಅಸೆಂಬ್ಲಿ ಪೂರ್ತಿ ಚೆಕ್‌ಔಟ್ ಮಾಡಿ ಲ್ಯಾಪ್‌ಟಾಪ್ ಸಮೇತ ಹೊರಟುಬಿಟ್ಟ. ಅಡ್ಮಿನ್ ಆಗಿ ನಾನು ಬಿಡಿಸಬಹುದಿತ್ತು, ಆದರೆ ಅವನು ಮಾಡಿದ ಬದಲಾವಣೆ ಇದ್ದದ್ದು ಅವನ ಲ್ಯಾಪ್‌ಟಾಪಿನಲ್ಲಿ ಮಾತ್ರ. ಫೋನಿನಲ್ಲಿ “ಸಾರ್, ಒಬ್ಬಟ್ಟು ತಿಂದು ಹೊರಡ್ತೀನಿ ಸಾರ್” ಅಂದ. ಕಾದೆವು. ಈಗ ಸಂಜೆ ಮನೆಗೆ ಹೋಗುವ ಮುಂಚೆ ಚೆಕ್‌ಇನ್ ಮಾಡಲೇಬೇಕು ಅಂತ ನಿಯಮ.

ಶಾಪಿಗೆ ಈಗ ಹೋಗುವುದು ಅಪ್ರೂವ್ ಆದ ಪಿಡಿಎಫ್ ಪ್ರಿಂಟು ಮಾತ್ರ, ಮೂಲೆಯಲ್ಲಿ ರಿವಿಷನ್ ಅಕ್ಷರ ಮತ್ತು ಪ್ರಿಂಟ್ ತೆಗೆದ ತಾರೀಖು. ಕೆಲಸ ಮುಗಿದ ಮೇಲೆ ಹಾಳೆ ವಾಪಸ್ ಬರಬೇಕು. ಪೆನ್ನು ಹಚ್ಚಬೇಡಿ ಅಂತ ನಾನು ಹೇಳಲಿಲ್ಲ. ಹಚ್ಚಿ, ಆದರೆ ಆ ಹಾಳೆಯನ್ನು ಅವತ್ತೇ ಮೇಲೆ ಕಳಿಸಿ ಅಂದೆ. ದಿನಾ ಒಂದೆರಡು ಬರುತ್ತಿವೆ. ಕೆಲವು ನಿಜವಾದ ತಿದ್ದುಪಡಿ, ಕೆಲವು ನಮಗೆ ಬೈಗುಳ.

ಬೀರುವಿನಲ್ಲಿರುವ ಹಳೇ ಟ್ರೇಸಿಂಗ್ ಹಾಳೆಗಳನ್ನು ಮುಟ್ಟಿಲ್ಲ. ಎಲ್ಲವನ್ನೂ ಒಳಗೆ ತರುತ್ತೇನೆ ಅಂತ ಹೊರಟರೆ ಇನ್ನು ನಾಲ್ಕು ಯುಗಾದಿ ಬೇಕು. ಆ ಸಿಲಿಂಡರಿಗೆ ಆರ್ಡರ್ ಬಂದಾಗ ಆ ಹಾಳೆ ತೆಗೆಯೋದು, ಅಣ್ಣನನ್ನು ಕರೆಯೋದು, ಅಳೆದು ಮಾಡೆಲ್ ಮಾಡಿ ನಂಬರ್ ಕೊಡೋದು. ಮೊನ್ನೆ ಒಂದು ಸಕ್ಕರೆ ಕಾರ್ಖಾನೆಯವರು ಹಳೇ ಸಿಲಿಂಡರಿಗೆ ಗ್ಲ್ಯಾಂಡ್ ಕೇಳಿದ್ದಾರೆ. ಹಾಳೆ ಸಿಕ್ಕಿದೆ, ಗ್ರೂವಿನ ಅಳತೆಯ ಜಾಗದಲ್ಲಿ ಇಲಿ ಕಚ್ಚಿದೆ. ಅವರ ಹತ್ತಿರ ಇರುವ ಸವೆದ ಗ್ಲ್ಯಾಂಡನ್ನೇ ಕಳಿಸಿ ಅಂತ ಮೇಲ್ ಹಾಕಿದ್ದೇನೆ.