ಕರೆಂಟಿನಲ್ಲಿ ಓಡುತ್ತೆ, ಗ್ಯಾಸ್‌ನಲ್ಲಿ ಮುನಿಸಿಕೊಳ್ಳುತ್ತೆ: ನಮ್ಮ ಮೋಟರ್‌ಹೋಮ್ ಫ್ರಿಜ್

ಮೋಟರ್‌ಹೋಮ್‌ನಲ್ಲಿ, ಅಂದರೆ ಒಳಗೇ ವಾಸ ಮಾಡಬಹುದಾದ ಗಾಡಿಯಲ್ಲಿ, ಹೊರಟ ಎರಡನೇ ದಿನ ಬೆಳಿಗ್ಗೆ ಕಾಯಿಸಲು ಇಟ್ಟ ಹಾಲು ಒಡೆಯಿತು. ಫ್ರಿಜ್ ಬಾಗಿಲು ತೆಗೆದು ಕೈ ಹಾಕಿದೆ, ತಂಪೇ ಇಲ್ಲ. ಹಿಂದಿನ ವಾರ ಹೊರಗಿನಿಂದ ಕರೆಂಟ್ ಎಳೆದಿದ್ದಾಗ ಇದೇ ಫ್ರಿಜ್ ಐಸ್ ಕಟ್ಟಿತ್ತು, ಗ್ಯಾಸ್‌ಗೆ ಹಾಕಿದ್ದೇ ತಡ ಕೈ ಕೊಟ್ಟಿತು.

ರಿಪೇರಿಯವರನ್ನು ಕೇಳಿದರೆ ಹಿಂದಿನ ಕೂಲಿಂಗ್ ಯೂನಿಟ್ ಹೋಗಿದೆ, ಪೂರ್ತಿ ಬದಲಾಯಿಸಬೇಕು ಎಂದರು. ನನಗೆ ಅದು ಸರಿ ಅನಿಸಲಿಲ್ಲ. ಯೂನಿಟ್ ಹೋಗಿದ್ದರೆ ಕರೆಂಟಿನಲ್ಲೂ ತಣ್ಣಗಾಗಬಾರದು, ಅಲ್ವಾ?

ಈ ಫ್ರಿಜ್‌ನಲ್ಲಿ ಕಂಪ್ರೆಸರ್ ಇಲ್ಲ, ತಿರುಗುವ ಒಂದು ಭಾಗವೂ ಇಲ್ಲ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಜರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಕಂಡುಹಿಡಿದ ವಿಧಾನ ಇದು. ಮುಚ್ಚಿದ ಕೊಳವೆಗಳೊಳಗೆ ಅಮೋನಿಯ, ನೀರು, ಹೈಡ್ರೋಜನ್ ಇರುತ್ತವೆ. ಕೆಳಗಿನಿಂದ ಬಿಸಿ ಕೊಟ್ಟರೆ ಅಮೋನಿಯ ನೀರು ಬಿಟ್ಟು ಆವಿಯಾಗಿ ಮೇಲೇರುತ್ತದೆ, ಮೇಲೆ ತಣಿದು ದ್ರವವಾಗುತ್ತದೆ, ಹೈಡ್ರೋಜನ್ ಇರುವ ಕಡೆ ಇಳಿದು ಮತ್ತೆ ಆವಿಯಾಗುವಾಗ ಫ್ರಿಜ್ ಒಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ, ಆಮೇಲೆ ನೀರಿಗೇ ವಾಪಸ್ ಸೇರುತ್ತದೆ. ಬಿಸಿ ಹೀಟರ್‌ನಿಂದ ಬಂತೋ ಉರಿಯಿಂದ ಬಂತೋ, ಕೊಳವೆಗೆ ಎರಡೂ ಒಂದೇ. ಹಾಗಾಗಿ ಒಂದರಲ್ಲಿ ತಣ್ಣಗಾಗಿ ಇನ್ನೊಂದರಲ್ಲಿ ಆಗದಿದ್ದರೆ ತೊಂದರೆ ಆ ಬಿಸಿಯ ಕಡೆಗೇ ಇದೆ, ಯೂನಿಟ್‌ನಲ್ಲಿ ಅಲ್ಲ.

ಆದರೂ ಹೊರಗಿನ ಕೆಳಗಿನ ಜಾಲರಿ ತೆಗೆದು ಹಿಂಭಾಗ ನೋಡಿದೆ. ಕೊಳವೆಯ ಮೇಲೆ ಹಳದಿ ಪುಡಿ ಕೂತಿದ್ದರೆ, ಮೂಗಿಗೆ ಅಮೋನಿಯ ಘಾಟು ಬಡಿದರೆ ಯೂನಿಟ್ ಸೋರಿದೆ ಎಂದೇ ಅರ್ಥ. ಆಗ ತಕ್ಷಣ ಆಫ್ ಮಾಡಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದುಬಿಡಿ. ನಮ್ಮದರಲ್ಲಿ ಎರಡೂ ಇರಲಿಲ್ಲ.

ಮುಂದೆ ಗಾಡಿ ನಿಂತ ಮಟ್ಟ. ಫ್ರೀಜರ್ ಒಳಗೆ ಚಿಕ್ಕ ರಸಮಟ್ಟ ಇಟ್ಟು ನೋಡಿದೆ, ಸರಿಯಾಗೇ ಇತ್ತು. ಇದನ್ನು ಸುಮ್ನೆ ಬಿಡಬೇಡಿ. ಒಳಗೆ ಪಂಪ್ ಇಲ್ಲ, ದ್ರವ ತನ್ನ ಭಾರದಿಂದಲೇ ಇಳಿದು ಬರಬೇಕು. ಸಾಮಾನ್ಯವಾಗಿ ಅಕ್ಕಪಕ್ಕಕ್ಕೆ 3 ಡಿಗ್ರಿ, ಹಿಂದೆಮುಂದೆ 6 ಡಿಗ್ರಿ ವಾಲಿದರೆ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ವಾಲಿದ ಗಾಡಿಯಲ್ಲಿ ಗಂಟೆಗಟ್ಟಲೆ ಓಡಿಸಿದರೆ ಕೆಳಗೆ ಬಿಸಿ ತಗಲುವ ಬಾಯ್ಲರ್ ಭಾಗದಲ್ಲಿ ದ್ರವ ಒಣಗಿ, ಒಳಗಿನ ತುಕ್ಕು ತಡೆಯುವ ರಾಸಾಯನಿಕ ಹರಳುಗಟ್ಟಿ ಕೊಳವೆ ಕಟ್ಟಿಕೊಳ್ಳುತ್ತದೆ. ಹಾಗೆ ಹೋದ ಯೂನಿಟ್ ಮತ್ತೆ ಸರಿಹೋಗುವುದಿಲ್ಲ.

ಕೊನೆಗೆ ಉರಿ ನೋಡಿದೆ. ಬರ್ನರ್ ಮೇಲಿನ ತಗಡಿನ ಮುಚ್ಚಳ ಬಿಚ್ಚಿ ಬಗ್ಗಿ ನೋಡಿದರೆ, ನೀಲಿಯಾಗಿ, ನೆಟ್ಟಗೆ, ಸಣ್ಣ ಸದ್ದು ಮಾಡುತ್ತಾ ಉರಿಯಬೇಕಾದದ್ದು ಹಳದಿಯಾಗಿ, ಸೋಮಾರಿಯಂತೆ ಅತ್ತಿತ್ತ ವಾಲಾಡುತ್ತಿತ್ತು. ಸಿಲಿಂಡರ್ ವಾಲ್ವ್ ಮುಚ್ಚಿ, ಎಲ್ಲ ತಣ್ಣಗಾದ ಮೇಲೆ ಬರ್ನರ್ ಬಿಚ್ಚಿದೆ. ಅದರ ಸೀಳುಗಳ ಮೇಲೆ ತುಕ್ಕಿನ ಚಕ್ಕೆಗಳು ಬಿದ್ದಿದ್ದವು, ಅಂಗೈಗೆ ಸುರಿದುಕೊಂಡರೆ ಒಣಗಿದ ಚಹಾಪುಡಿಯ ಹಾಗೆ. ಮೇಲಿನ ಚಿಮಣಿ ಒಳಗೆ ತುಕ್ಕು ಹಿಡಿದು, ಗಾಡಿ ಕುಲುಕಿದಾಗಲೆಲ್ಲ ಉದುರಿ ಬರ್ನರ್ ಮೇಲೆ ಕೂರುತ್ತದೆ. ಚಿಮಣಿಗೆ ಉದ್ದನೆ ಬ್ರಷ್ ಆಡಿಸಿದೆ, ಬರ್ನರನ್ನು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದೆ.

ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ತುದಿ, ಅಂದರೆ ಜೆಟ್ ವಿಷಯದಲ್ಲಿ ಮಾತ್ರ ಕೇಳಿಕೊಳ್ಳುತ್ತೇನೆ, ಪಿನ್ ಹಾಕಿ ಚುಚ್ಚಬೇಡಿ. ಅದರ ತೂತು ಬೆಳಕಿಗೆ ಹಿಡಿದರೂ ಕಣ್ಣಿಗೆ ಸಿಗದಷ್ಟು ಸಣ್ಣದು, ಸ್ವಲ್ಪ ಅಗಲವಾದರೂ ಉರಿ ಕೆಟ್ಟುಹೋಗುತ್ತದೆ. ಸ್ಪಿರಿಟ್‌ನಲ್ಲಿ ನೆನೆಸಿಟ್ಟು, ಪೂರ್ತಿ ಒಣಗಲು ಬಿಟ್ಟು ಹಾಕಿ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಜೇಡ ಬಲೆ ಕಟ್ಟಿ ಅಲ್ಲೇ ಗ್ಯಾಸ್ ತಡೆಯುವುದೂ ಉಂಟು. ಮತ್ತೆ ಜೋಡಿಸಿದ ಮೇಲೆ ಸೋಪಿನ ನೀರು ಹಚ್ಚಿ, ಗುಳ್ಳೆ ಬರುತ್ತದಾ ಎಂದು ನೋಡದೆ ಉರಿ ಹಚ್ಚಬೇಡಿ. ಗ್ಯಾಸ್ ಕೆಲಸದಲ್ಲಿ ಕೈ ಪಳಗಿಲ್ಲದಿದ್ದರೆ ಇಷ್ಟನ್ನೂ ಗೊತ್ತಿರುವವರಿಂದಲೇ ಮಾಡಿಸಿ.

ಗ್ಯಾಸ್‌ನಲ್ಲಿ ಓಡಿದರೂ ಕಂಟ್ರೋಲ್ ಬೋರ್ಡ್‌ಗೆ 12 ವೋಲ್ಟ್ ಬೇಕು, ಬ್ಯಾಟರಿ ಸೊರಗಿದ್ದರೆ ಉರಿ ಹತ್ತುವುದೇ ಇಲ್ಲ. ಅದನ್ನೂ ಮಲ್ಟಿಮೀಟರ್ ಹಿಡಿದು ನೋಡಿದೆ, ಚೆನ್ನಾಗಿತ್ತು. ಮೇಲಿನ ಗಾಳಿಕಿಂಡಿಯಲ್ಲಿ ಒಣ ಎಲೆ ಸಿಕ್ಕಿತ್ತು, ತೆಗೆದೆ. ಹಿಂದಿನ ಬಿಸಿ ಹೊರಗೆ ಹೋಗದಿದ್ದರೆ ಮುಂದೆ ತಂಪಾಗುವುದಿಲ್ಲ.

ಉರಿ ಹಚ್ಚಿದಾಗ ನೀಲಿಯಾಗಿ ನೆಟ್ಟಗೆ ನಿಂತಿತು. ಆದರೆ ಈ ಫ್ರಿಜ್‌ಗಳು ನಿಧಾನ, ಪೂರ್ತಿ ತಣ್ಣಗಾಗಲು ಅರ್ಧ ದಿನದಿಂದ ಒಂದು ದಿನ ಬೇಕು, ಒಂದು ಗಂಟೆಗೇ ಬಾಗಿಲು ತೆಗೆದು ನೋಡಿ ಬೇಜಾರಾಗಬೇಡಿ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಅದ್ದಿ ಒಳಗಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದಾಗ 4 ಡಿಗ್ರಿ ತೋರಿಸುತ್ತಿತ್ತು. ಆ ದಿನ ಹೊಸ ಹಾಲು ತಂದಿಟ್ಟೆವು.